ಇನ್ನೂ ಗಾರೆ ಆಗಿಲ್ವಾ?

ಕೇಳುಗರಿಗೆಲ್ಲ ನಮಸ್ಕಾರ.

ಕಲ್ಲನ್ನೋ ಕಾಂಕ್ರೀಟನ್ನೋ ಇದ್ದ ಹಾಗೇ ಬಿಟ್ಟ ಕಟ್ಟಡದ ಮುಂದೆ ನಿಂತರೆ ನಮ್ಮ ಜನ ಮೊದಲು ಕೇಳುವುದು ಒಂದೇ ಮಾತು. "ಇನ್ನೂ ಗಾರೆ ಆಗಿಲ್ವಾ?" ನಾನು ಮೂವತ್ತು ವರ್ಷದಿಂದ ಮನೆ, ಶಾಲೆ, ಆಫೀಸುಗಳ ನಕ್ಷೆ ಬರೆಯುತ್ತಿದ್ದೇನೆ. ಈ ಮಾತನ್ನು ನಮ್ಮ ಮಾವನವರ ಬಾಯಲ್ಲೂ ಕೇಳಿದ್ದೇನೆ, ಸಾಲ ಕೊಡಲು ಬಂದ ಬ್ಯಾಂಕಿನವರ ಬಾಯಲ್ಲೂ ಕೇಳಿದ್ದೇನೆ. ಬಾನುಲಿಯವರು ಅದನ್ನೇ ಸ್ವಲ್ಪ ಮರ್ಯಾದೆಯಾಗಿ ಕೇಳಿದ್ದಾರೆ. ವಿಚಿತ್ರವಾಗಿ ಕಾಣುವ ಹೊಸ ಕಾಲದ ಕಟ್ಟಡಗಳು ಕುರೂಪವೋ, ಸ್ವಾರಸ್ಯವೋ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ರಸ್ತೆಯಲ್ಲಿ ನಿಂತು ತೀರ್ಪು ಕೊಡಬೇಡಿ. ಒಳಗೆ ಹೋಗಿ, ಅರ್ಧ ಗಂಟೆ ಕೂತು, ಆಮೇಲೆ ಹೇಳಿ. ನನ್ನ ಭಾಷಣ ಇಷ್ಟೇ. ಆದರೆ ಎಂಟು ನಿಮಿಷ ಕೊಟ್ಟಿದ್ದಾರೆ, ಒಂದು ಕಥೆ ಹೇಳುತ್ತೇನೆ.

ನಮ್ಮ ಮನೆ ಕಟ್ಟಿದ ಮೇಸ್ತ್ರಿ ಶಿರಾ ಕಡೆಯವರು. ಹುಡುಗನಾಗಿದ್ದಾಗಿಂದ ಕಲ್ಲು, ಸುತ್ತಿಗೆ, ಚಾಣ ಹಿಡಿದವರು. ಒಂದು ದಿನ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ, ಅದೇ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ, ನನಗೆ ಯಾರನ್ನೋ ಕಾಣುವುದಿತ್ತು. ಅವತ್ತು ಮೇಸ್ತ್ರಿ ನನ್ನ ಜೊತೆ ಟೈಲ್ಸ್ ಅಂಗಡಿಗೆ ಹೊರಟಿದ್ದರು. "ಬನ್ನಿ, ಹತ್ತು ನಿಮಿಷ ಇಲ್ಲಿ ಹೋಗಿ ಬರೋಣ" ಅಂದೆ. ಗೇಟಿನಲ್ಲಿ ಹೆಸರು ಬರೆಸಿ ಒಳಗೆ ಹೋದೆವು. ಮೇಸ್ತ್ರಿ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು. ಬರೀ ಒರಟು ಕಲ್ಲು. ಬಣ್ಣ ಇಲ್ಲ, ಗಾರೆ ಇಲ್ಲ. ಮೆಲ್ಲಗೆ ನನ್ನ ಕಿವಿಯಲ್ಲಿ, "ಯಾಕೆ ಸಾರ್, ಇವರಿಗೆ ದುಡ್ಡು ಸಾಲಲಿಲ್ವಾ?" ಅಂದರು.

ನನಗೆ ರೇಗಿತು. ಸುಮ್ನಿದ್ದೆ.

ನಾನು ಕಾಣಬೇಕಾದವರು ಬರಲು ಇನ್ನೂ ಹೊತ್ತಿತ್ತು. ನಾನು ಫೋನ್ ನೋಡುತ್ತಾ ನಿಂತೆ. ತಲೆ ಎತ್ತಿದರೆ ಮೇಸ್ತ್ರಿ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದಾರೆ. ಎರಡು ಕಲ್ಲಿನ ನಡುವಿನ ಸಂದಿನಲ್ಲಿ ಹೆಬ್ಬೆರಳು ಇಟ್ಟು ಉದ್ದಕ್ಕೂ ಎಳೆದುಕೊಂಡು ಹೋಗುತ್ತಿದ್ದಾರೆ. ಒಂದು ಕಲ್ಲು, ಇನ್ನೊಂದು ಕಲ್ಲು, ಮೂಲೆ ತನಕ. ಮೂಲೆಯಲ್ಲಿ ಒಂದು ಕಣ್ಣು ಮುಚ್ಚಿ, ದಾರದಲ್ಲಿ ತೂಗುಗುಂಡು ಬಿಟ್ಟು ಗೋಡೆ ನೆಟ್ಟಗಿದೆಯಾ ಅಂತ ನೋಡುವವರ ಹಾಗೆ ಮೇಲಕ್ಕೆ ನೋಡಿದರು. ವಾಪಸ್ ಬಂದು ಹೇಳಿದ್ದು ಇವತ್ತಿಗೂ ನನಗೆ ಅಕ್ಷರಕ್ಷರ ನೆನಪಿದೆ. "ಗಾರೆ ಮಾಡೋ ಗೋಡೆ ಹೆಂಗಿದ್ರೂ ನಡೀತದೆ ಸಾರ್. ಸೊಟ್ಟ ಬಂದ್ರೆ ಮೇಲೆ ಮುಚ್ಚಿಬಿಡ್ತೀವಿ. ಇಲ್ಲಿ ಮುಚ್ಚಂಗೇ ಇಲ್ಲ. ಇದು ಕಟ್ಟಿದೋನು ಕೆಲಸ ಬಲ್ಲ."

ನಾನು ಕಾಲೇಜಿನಲ್ಲಿ ಐದು ವರ್ಷ ಓದಿದ್ದನ್ನು ಅವರು ಹೆಬ್ಬೆರಳಿನಲ್ಲಿ ಓದಿ ಮುಗಿಸಿದ್ದರು!

ಆಮೇಲೆ ಮೊಗಸಾಲೆಯಲ್ಲಿ ಕೂತೆವು. ಅಲ್ಲಿನ ಮೊಗಸಾಲೆಗಳನ್ನು ನೀವೂ ನೋಡಿರುತ್ತೀರಿ, ಇಂಜಿನಿಯರಿಂಗ್ ಹುಡುಗರ ಕಥೆಯ ಒಂದು ಹಿಂದಿ ಸಿನಿಮಾ ಅಲ್ಲೇ ತೆಗೆದದ್ದು. ಅಗಲವಾದ ಓಣಿ ಇದ್ದ ಹಾಗೆ. ಕೆಲವು ಕಡೆ ಮೇಲೆ ಚಾವಣಿಯೇ ಇಲ್ಲ, ಬರೀ ಕಾಂಕ್ರೀಟ್ ತೊಲೆಗಳು, ಅದರ ಮೇಲೆ ಬಳ್ಳಿ. ನೆಲದ ಮೇಲೆ ಬಿಸಿಲು, ನೆರಳು, ಬಿಸಿಲು, ನೆರಳು, ಪಟ್ಟೆ ಪಟ್ಟೆಯಾಗಿ ಬಿದ್ದಿತ್ತು. ನಾವು ಕೂತಾಗ ಒಂದು ಬಿಸಿಲಿನ ಪಟ್ಟೆ ಮೇಸ್ತ್ರಿಯ ಚಪ್ಪಲಿಯ ಮೇಲಿತ್ತು. ನಾನು ಏಳುವ ಹೊತ್ತಿಗೆ ಮೊಣಕಾಲಿಗೆ ಬಂದಿತ್ತು. ಅವರು ಅದನ್ನೇ ನೋಡುತ್ತಾ ಕೂತಿದ್ದರು. "ಮದುವೆ ಚಪ್ಪರದ ಕೆಳಗೆ ಕೂತಂಗದೆ" ಅಂದರು. ಒಂದು ಗಳಿಗೆ ಬಿಟ್ಟು, "ಮಳೆ ಬಂದ್ರೆ?" ಅಂದರು.

"ನೆನೀತೀವಿ" ಅಂದೆ.

"ತೊಟ್ಟಿ ಮನೇಲೂ ನೆನೀತಿದ್ವಲ್ಲ, ಬಿಡಿ."

ಹೊರಗೆ ನಿಂತಾಗ ದುಡ್ಡು ಸಾಲದ ಕಟ್ಟಡ. ಅರ್ಧ ಗಂಟೆ ಒಳಗೆ ಕೂತ ಮೇಲೆ ಮದುವೆ ಚಪ್ಪರ! ನಾನು ಹೇಳುತ್ತಿರುವುದು ಇದನ್ನೇ, ಒಳಗೆ ಹೋಗಿ ಕೂತು ನೋಡಿ.

ಇದನ್ನು ಕಟ್ಟಿಸಿದ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ. 1977ರಲ್ಲಿ ನಕ್ಷೆ ಕೆಲಸ ಶುರು ಮಾಡಿದರು. ಚಿಕ್ಕ ವಯಸ್ಸಿನಲ್ಲಿ ಪ್ಯಾರಿಸ್‌ನಲ್ಲಿ ಲೆ ಕಾರ್ಬೂಸಿಯೆ ಅನ್ನುವ ಹೆಸರಾಂತ ವಾಸ್ತುಶಿಲ್ಪಿಯ ಹತ್ತಿರ ಕೆಲಸ ಮಾಡಿದವರು. ಆದರೆ ಬೆಂಗಳೂರಿಗೆ ಬಂದಾಗ ಅವರ ತಲೆಯಲ್ಲಿ ಇದ್ದದ್ದು ಅಕ್ಬರನ ಫತೇಪುರ್ ಸಿಕ್ರಿ. ಅಂಗಳ, ಮೊಗಸಾಲೆ, ಮತ್ತೆ ಅಂಗಳ. ಈ ಊರಿನ ಹವಾ ಚೆನ್ನಾಗಿದೆ, ಜನ ಹೊರಗೇ ಓಡಾಡಲಿ, ಪಾಠ ಮೊಗಸಾಲೆಯಲ್ಲೂ ಆಗಲಿ ಅನ್ನುವುದು ಲೆಕ್ಕ. 2018ರಲ್ಲಿ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ನಮ್ಮ ಕಸುಬಿನಲ್ಲಿ ಅದಕ್ಕಿಂತ ದೊಡ್ಡದಿಲ್ಲ, ಭಾರತದವರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಮೇಸ್ತ್ರಿಗೆ ಹೇಳಿದೆ. "ಕೊಡಬೇಕಾದ್ದೇ" ಅಂದರು.

ಈಗ ನನ್ನ ಸಿಟ್ಟಿಗೆ ಬರುತ್ತೇನೆ. ಹೊರ ವರ್ತುಲ ರಸ್ತೆಯ ಉದ್ದಕ್ಕೂ ನೀಲಿ ಗಾಜಿನ ಡಬ್ಬಿಗಳು ನಿಂತಿವೆ. ಅವನ್ನು ಯಾರೂ ಕುರೂಪ ಅನ್ನುವುದಿಲ್ಲ. ಹೊಳೆಯುತ್ತವಲ್ಲ! ಬಿಸಿಲಿನಲ್ಲಿ ಕಿಟಕಿ ಏರಿಸಿ ನಿಲ್ಲಿಸಿದ ಕಾರಿನೊಳಗೆ ಕೂತಿದ್ದೀರಾ? ಗಾಜಿನ ಕಟ್ಟಡ ಅಂದರೆ ಹತ್ತು ಮಹಡಿಯ ಅಂಥ ಕಾರು. ಬಿಸಿಲು ಒಳಗೆ ಬರುತ್ತದೆ, ಸೆಕೆ ಹೊರಗೆ ಹೋಗುವುದಿಲ್ಲ. ಬೆಳಗ್ಗೆಯಿಂದ ಸಂಜೆ ತನಕ ಎಸಿ. ಫ್ಯಾನೂ ಬೇಡವಾಗಿದ್ದ ಊರಿನಲ್ಲಿ ನಾವು ಮಾಡಿಕೊಂಡ ಕೆಲಸ ನೋಡಿ. ಅಲ್ಲಿಗೂ ಒಳಗೆ ಹೋಗಿ ನೋಡಿ ಅನ್ನುತ್ತೇನೆ. ಬೇಕಿದ್ದರೆ ಸ್ವೆಟರ್ ತಗೊಂಡು ಹೋಗಿ.

ಈ ಸ್ಟುಡಿಯೋ ಗಾಜಿನ ಆಚೆಯಿಂದ ನಮ್ಮ ಕಾರ್ಯಕ್ರಮದವರು ಎರಡು ಬೆರಳು ತೋರಿಸುತ್ತಿದ್ದಾರೆ. ಎರಡೇ ನಿಮಿಷವಂತೆ. ಪ್ಯಾರಿಸ್ ಬಗ್ಗೆ ಜಾಸ್ತಿ ಹೇಳಬೇಕು ಅಂತಿದ್ದೆ. ಅಲ್ಲಿ 1977ರಲ್ಲಿ ಪಾಂಪಿಡು ಸೆಂಟರ್ ಅಂತ ಒಂದು ಕಲಾಕೇಂದ್ರದ ಕಟ್ಟಡ ತೆರೆದರು. ನೀರಿನ ಪೈಪು ಹಸಿರು, ಗಾಳಿಯ ಪೈಪು ನೀಲಿ, ಕರೆಂಟಿನದು ಹಳದಿ, ಎಲ್ಲವೂ ಹೊರಗೆ. ಕರುಳು ಹೊರಗೆ ಬಂದ ಹಾಗೆ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಪೈಪು ಹೊರಗೆ ಹೋಯಿತು ಅಂದರೆ ಒಳಗೆ ಜಾಗ ಖಾಲಿ ಅಲ್ವಾ? ದೊಡ್ಡ ಬಯಲಿನಂಥ ಮಹಡಿಗಳು, ಗೋಡೆ ಎಲ್ಲಿ ಬೇಕೋ ಅಲ್ಲಿ ಇಟ್ಟುಕೊಳ್ಳಬಹುದು.

ದೆಹಲಿಯಲ್ಲಿ ಸಹಕಾರ ನಿಗಮದ್ದೊಂದು ಕಟ್ಟಡ ಇದೆ, ವಾಸ್ತುಶಿಲ್ಪಿ ಕುಲದೀಪ್ ಸಿಂಗ್ ಅವರದು. ಕೆಳಗೆ ಎರಡು ಕಾಲು ಅಗಲಿಸಿ ಮೇಲೆ ಸೇರುತ್ತದೆ. ಜನ ಇಟ್ಟ ಹೆಸರು ಪೈಜಾಮ ಬಿಲ್ಡಿಂಗ್. ನಗಿ, ಪರವಾಗಿಲ್ಲ. ಹೆಸರಿಟ್ಟು ಕರೆಯುತ್ತಾರೆ ಅಂದರೆ ನೋಡಿದ್ದಾರೆ ಅಂತ ಲೆಕ್ಕ. ಅದೇ ಊರಿನ ಪ್ರಗತಿ ಮೈದಾನದಲ್ಲಿ ಹಾಲ್ ಆಫ್ ನೇಷನ್ಸ್ ಅನ್ನುವ ವಸ್ತುಪ್ರದರ್ಶನದ ಕಟ್ಟಡ ಇತ್ತು. 1972ರಲ್ಲಿ ವಾಸ್ತುಶಿಲ್ಪಿ ರಾಜ್ ರೇವಾಲ್ ಮತ್ತು ಇಂಜಿನಿಯರ್ ಮಹೇಂದ್ರ ರಾಜ್ ಕಟ್ಟಿಸಿದ್ದು. 78 ಮೀಟರ್ ಅಗಲ, ನಡುವೆ ಒಂದೇ ಒಂದು ಕಂಬ ಇಲ್ಲ. ಹೊರದೇಶಗಳಲ್ಲಿ ಉಕ್ಕಿನಲ್ಲಿ ಮಾಡುವ ಜಾಲರಿಯನ್ನು ನಮ್ಮ ಕೂಲಿಯವರು ಕಾಂಕ್ರೀಟಿನಲ್ಲಿ ಕೈಯಿಂದ ಎರಕ ಹೊಯ್ದು ನಿಲ್ಲಿಸಿದ್ದರು. 2017ರ ಏಪ್ರಿಲ್‌ನಲ್ಲಿ ಒಡೆದು ಹಾಕಿದರು. ಒಳಗೆ ಹೋಗಿ ಅಂತ ನಾನು ಅದಕ್ಕೆ ಇನ್ನು ಹೇಳುವ ಹಾಗಿಲ್ಲ.

ಒಂದು ನಿಮಿಷ ಉಳಿದಿದೆ. ಮೇಸ್ತ್ರಿಯ ಕಥೆ ಮುಗಿಸುತ್ತೇನೆ. ಆಮೇಲೆ ಅವರು ಊರಲ್ಲಿ ಸ್ವಂತ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಕರೆದಿದ್ದರು. ಜಗುಲಿಯ ಮೇಲೆ ಒಂದು ಗೋಡೆಯನ್ನು ಸೈಜುಗಲ್ಲಿನಲ್ಲೇ ಬಿಟ್ಟಿದ್ದರು, ಗಾರೆ ಇಲ್ಲದೆ. ಬಂದವರಿಗೆಲ್ಲ ಸಂದಿನ ಮೇಲೆ ಬೆರಳಾಡಿಸಿ ತೋರಿಸಿದರು. ಮುಂದಿನ ಯುಗಾದಿಗೆ ಹೋದಾಗ ಆ ಗೋಡೆ ತಿಳಿ ಹಸಿರು ಬಣ್ಣದಲ್ಲಿ ನುಣ್ಣಗೆ ಹೊಳೆಯುತ್ತಿತ್ತು. ನಾನು ಮೇಸ್ತ್ರಿಯ ಮುಖ ನೋಡಿದೆ. ಅವರು ಅಡುಗೆಮನೆ ಕಡೆ ನೋಡಿದರು. ಒಳಗಿಂದ ಅವರ ಮನೆಯವರು ಒಬ್ಬಟ್ಟಿನ ತಟ್ಟೆ ತಂದಿಟ್ಟು, "ಹಬ್ಬಕ್ಕೆ ನೆಂಟರು ಬರ್ತಾರೆ ಸಾರ್. ಗಾರೆ ಮುಗಿದಿಲ್ಲ ಅಂದ್ಕೊಂಡ್ರೆ?" ಅಂದರು.

ನಾನು ಒಬ್ಬಟ್ಟು ತಿಂದೆ. ನಮಸ್ಕಾರ.