ನೇಗಿಲಿಗೆ ಸಿಕ್ಕಿಕೊಂಡ ನಾಲ್ಕು ಅಕ್ಷರ

ಎಲ್ಲರಿಗೂ ನಮಸ್ಕಾರ.

ಆರನೇ ಕ್ಲಾಸಿನಲ್ಲಿ ಮೇಷ್ಟ್ರು ನನ್ನನ್ನು ಎಬ್ಬಿಸಿ ಇಂಗ್ಲಿಷ್ ಪಾಠ ಓದಿಸಿದರು. ಹಿಂದಿನ ದಿನವಷ್ಟೇ 'ಟಫ್' ಕಲಿತಿದ್ದೆ. ಹಾಗಾಗಿ ಪಿ-ಎಲ್ ಆದ ಮೇಲೆ ಓ-ಯು-ಜಿ-ಎಚ್ ಕಂಡದ್ದೇ ತಡ, ಧೈರ್ಯವಾಗಿ 'ಪ್ಲಫ್' ಅಂದೆ. ಇಡೀ ಕ್ಲಾಸು ನಕ್ಕಿತು. ಅದು 'ಪ್ಲೌ', ಅಂದ್ರೆ ನೇಗಿಲು. ನಮ್ಮ ಮನೆಯ ಜಗಲಿಯಲ್ಲೇ ಎರಡು ನೇಗಿಲು ಒರಗಿಸಿಟ್ಟಿದ್ದವು! ಆ ದಿನ ಬೆಂಚಿನ ಮೇಲೆ ನಿಂತೆ.

ತಪ್ಪು ನನ್ನದೊಬ್ಬನದೇ ಅಲ್ಲ ಅಂತ ಗೊತ್ತಾಗಿದ್ದು ಬಹಳ ವರ್ಷಗಳ ಮೇಲೆ. ಈ ನಾಲ್ಕು ಅಕ್ಷರದ ಆಟ ನೋಡಿ. ಥ್ರೂ ಎಂಬಲ್ಲಿ 'ಊ'. ದೋ ಎಂಬಲ್ಲಿ 'ಓ'. ಕೆಮ್ಮಿದರೆ ಕಾಫ್. ಕೊಂಡರೆ ಬಾಟ್. ಬಿಕ್ಕಳಿಕೆಗಂತೂ ಕೆಲವರು ಕೊನೆಯಲ್ಲಿ ಇದೇ ಅಕ್ಷರ ಬರೆದು 'ಹಿಕಪ್' ಅಂತಾರೆ. ಇದು ಕೆಮ್ಮನ್ನು ನೋಡಿ ಮಾಡಿಕೊಂಡ ತಪ್ಪು ಬರಹ, ಹಾಗೇ ಉಳಿದುಬಿಟ್ಟಿದೆ.

ಹಾಗಾದರೆ ಆ ಜಿ-ಎಚ್ ಅಲ್ಲಿ ಏನು ಮಾಡ್ತಿದೆ? ಹಿಂದೆ ಅದಕ್ಕೊಂದು ಸದ್ದಿತ್ತು. ಉರ್ದು ಬಲ್ಲವರು 'ಖಬರ್' ಎನ್ನುವಾಗ ಗಂಟಲು ಕೆರೆದ ಹಾಗೆ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಬರೀ ಎಚ್ ಬರೆಯುತ್ತಿದ್ದರು. 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ, ಫ್ರೆಂಚ್ ರೂಢಿಯ ಬರಹಗಾರರ ಕೈಯಲ್ಲಿ ಅದು ನಿಧಾನವಾಗಿ ಜಿ-ಎಚ್ ಆಯಿತು. ಜರ್ಮನ್ನರು ಆ ಸದ್ದನ್ನು ಇನ್ನೂ ಬಿಟ್ಟಿಲ್ಲ. ಇಂಗ್ಲಿಷಿನ ನೈಟ್ ಅವರಿಗೆ 'ನಾಖ್ಟ್', ಏಟ್ 'ಆಖ್ಟ್', ಡಾಟರ್ 'ಟಾಖ್ಟರ್'.

ಈ ಓ-ಯು-ಜಿ-ಎಚ್ ಪದಗಳು ಒಂದೇ ತಾಯಿಯ ಮಕ್ಕಳೂ ಅಲ್ಲ. ಮೂಲದಲ್ಲಿ ಬೇರೆ ಬೇರೆ ಸ್ವರವಿದ್ದವು. ಬರಹ ಎಲ್ಲಕ್ಕೂ ಒಂದೇ ಅಂಗಿ ತೊಡಿಸಿತು, ಅಷ್ಟೇ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ಹಾಕಿದಾಗ ಎಷ್ಟೋ ಜನರ ಬಾಯಲ್ಲಿ ಆ ಗಂಟಲ ಸದ್ದು ಇನ್ನೂ ಇತ್ತು. ಆಮೇಲೆ ಕೆಲವು ಪದಗಳಲ್ಲಿ ಅದು ಸದ್ದಿಲ್ಲದೆ ಹೋಯಿತು, ಕೆಲವು ಕಡೆ 'ಫ್' ಆಯಿತು. ಅಚ್ಚಿನ ಮೊಳೆಗಳು ಮಾತ್ರ ಕದಲಲಿಲ್ಲ. ತಮಾಷೆ ಅಂದ್ರೆ, ಡಿಲೈಟ್‌ಗೆ ಆ ಸದ್ದು ಯಾವತ್ತೂ ಇರಲೇ ಇಲ್ಲ. ಅದು ಫ್ರೆಂಚಿನಿಂದ ಬಂದದ್ದು. ಪಕ್ಕದ ಲೈಟ್ ನೋಡಿ ಅದಕ್ಕೂ ಸುಮ್ನೆ ಜಿ-ಎಚ್ ಅಂಟಿಸಿದರು.

ನಮ್ಮಲ್ಲೂ ಸದ್ದು ಬದಲಾಗಿದೆ. ಪಂಪನ ಕಾಲದ ಪಾಲ್ ಈಗ ಹಾಲು, ಪುಲಿ ಈಗ ಹುಲಿ. ಬಾಯಿ ಬದಲಾದಾಗ ನಾವು ಕೈಯನ್ನೂ ಬದಲಿಸಿದೆವು. ಇಂಗ್ಲಿಷಿನವರ ಜಾಯಮಾನ ನಮ್ಮದಾಗಿದ್ದರೆ ಇವತ್ತಿಗೂ 'ಪಾಲು' ಅಂತ ಬರೆದು 'ಹಾಲು' ಅಂತ ಓದುತ್ತಿದ್ದೆವು! ಡೈರಿ ಬೋರ್ಡು ಓದಿದ ಮಗು ಪಾಲು ಕೇಳುತ್ತಿತ್ತು, ಅಣ್ಣತಮ್ಮಂದಿರು ಗಾಬರಿಯಾಗುತ್ತಿದ್ದರು. ಹಾಗಂತ ನಾವೂ ಪೂರ್ತಿ ಸಾಚಾ ಅಲ್ಲ. 'ಚಿಹ್ನೆ' ಅಂತ ಬರೆದು 'ಚಿನ್ಹೆ' ಅಂತೀವಿ, ಅಲ್ವಾ?

ಅಮೆರಿಕದವರು ನೇಗಿಲಿನ ಯು-ಜಿ-ಎಚ್ ಕಿತ್ತು ಡಬ್ಲ್ಯು ಹಾಕಿಕೊಂಡಿದ್ದಾರೆ. ಅಲ್ಲಿ ಓದಿದ್ದರೆ ನನಗೆ ಬೆಂಚು ತಪ್ಪುತ್ತಿತ್ತೇನೋ. ಆದರೆ ಕೆಮ್ಮನ್ನು ಅವರೂ ಮುಟ್ಟಿಲ್ಲ. ಪ್ರಶ್ನೆ ಇದ್ದವರು ಕೇಳಿ, ಅಷ್ಟರಲ್ಲಿ ನಾನು ಒಂದು ಗುಟುಕು ನೀರು ಕುಡೀತೀನಿ.