ಉದ್ಯಾನದ ಕೀಲಿಕೈ

ಕೇಳುಗರಿಗೆ ನಮಸ್ಕಾರ.

ಕಾಸರಗೋಡಿನಲ್ಲಿ ನನ್ನ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಸಣ್ಣ ಉದ್ಯಾನ ಸಿಗುತ್ತದೆ. ಕಳೆದ ತಿಂಗಳು ಮೊಮ್ಮಗಳನ್ನು ಕರೆದುಕೊಂಡು ಹೋದಾಗ ಗೇಟಿಗೆ ಬೀಗ ಬಿದ್ದಿತ್ತು. ಜಾರುಬಂಡಿಯ ಮೆಟ್ಟಿಲಿಗೆ ಬಳ್ಳಿ ಹಬ್ಬಿತ್ತು. ಎದುರಿನ ಅಂಗಡಿಯವರನ್ನು ವಿಚಾರಿಸಿದೆ. "ಕೀಲಿಕೈ ಕಾವಲುಗಾರನ ಬಳಿ ಇತ್ತು ಮಾಸ್ಟ್ರೇ, ಅವನ ಗುತ್ತಿಗೆ ಮುಗಿಯಿತು, ಊರಿಗೆ ಹೋದ" ಎಂದರು. ಆಮೇಲೆ ಅದು ಯಾರ ಕೈ ಸೇರಿತೆಂದು ಅವರಿಗೂ ತಿಳಿದಿರಲಿಲ್ಲ.

ಉದ್ಯಾನ ಕಟ್ಟಲು ಹಣ ಸಿಗುತ್ತದೆ, ಅದನ್ನು ನೋಡಿಕೊಳ್ಳುವವನ ಕೂಲಿಗೆ ಸಿಗುವುದಿಲ್ಲ. ನಮ್ಮ ಸಣ್ಣ ಪಟ್ಟಣಗಳ ಉದ್ಯಾನಗಳು ಹಾಳಾಗುವುದು ಬಹುಪಾಲು ಇದರಿಂದಲೇ ಎಂದು ನನಗೆ ಅನ್ನಿಸಿದೆ.

ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಅದರ ಹನ್ನೆರಡನೆಯ ಅನುಸೂಚಿ ಉದ್ಯಾನ, ತೋಟ, ಆಟದ ಮೈದಾನಗಳನ್ನು ನಗರಾಡಳಿತದ ಕೆಲಸಗಳ ಸಾಲಿನಲ್ಲಿಯೇ ಇಟ್ಟಿದೆ. ಕೇರಳದಲ್ಲಿ ಊರವರೇ ಸೇರಿ ಯೋಜನೆ ರೂಪಿಸುವ 1996ರ ಜನಕೀಯ ಯೋಜನೆಯ ಬಳಿಕ ನಗರಸಭೆಗಳಿಗೆ ಯೋಜನಾ ನಿಧಿಯೂ ಬರತೊಡಗಿತು. ಆವರಣಗೋಡೆ, ಇಂಟರ್‌ಲಾಕ್ ಹಾಸು, ದೀಪದ ಕಂಬ ಎಲ್ಲವೂ ಒಮ್ಮೆಗೆ ಮುಗಿಯುವ ಖರ್ಚಾದ್ದರಿಂದ ಯೋಜನೆಯೊಳಗೆ ಸುಲಭವಾಗಿ ಕುಳಿತುಕೊಳ್ಳುತ್ತವೆ. ಹುಲ್ಲು ಹೆರೆಯುವವರ ಕೂಲಿ ಹಾಗಲ್ಲ, ಅದು ತಿಂಗಳು ತಿಂಗಳೂ ಬೇಕು. ರಾಜ್ಯದಿಂದ ಬರುವ ನಿರ್ವಹಣಾ ನಿಧಿಯಲ್ಲಿ ರಸ್ತೆಗೊಂದು ಪಾಲು, ರಸ್ತೆಯಲ್ಲದ ಆಸ್ತಿಗಳಿಗೊಂದು ಪಾಲು. ಆ ಎರಡನೆಯ ಪಾಲಿಗೆ ಕೈಚಾಚುವವರು ಅನೇಕರು. ಸೋರುವ ಶಾಲೆಯ ಮಾಡಿನ ಮುಂದೆ ಉದ್ಯಾನದ ಹೆಸರೆತ್ತಲು ಯಾವ ಸದಸ್ಯರಿಗೂ ನಾಲಿಗೆ ಬರಲಿಕ್ಕಿಲ್ಲ. ಕೊನೆಗೆ ಉಳಿಯುವುದು ತೆರಿಗೆ, ಪರವಾನಗಿ ಶುಲ್ಕಗಳಿಂದ ಕೂಡುವ ಸ್ವಂತ ನಿಧಿ ಮಾತ್ರ.

ಲೆಕ್ಕ ಹಾಕಿ ನೋಡೋಣ. ಒಬ್ಬ ಮಾಲಿಗೆ ದಿನಕ್ಕೆ 800 ರೂಪಾಯಿ ಕೂಲಿ, ತಿಂಗಳಿಗೆ 26 ದಿನ ಕೆಲಸ ಎಂದಿಟ್ಟುಕೊಂಡರೆ ವರ್ಷಕ್ಕೆ ಎರಡೂವರೆ ಲಕ್ಷ ರೂಪಾಯಿಗೆ ತುಸು ಕಡಿಮೆಯಾಗುತ್ತದೆ. ಆ ಒಬ್ಬ ಮನುಷ್ಯನಿಲ್ಲದೆ ಉಳಿದ ಲಕ್ಷಗಳೆಲ್ಲ ತುಕ್ಕು ಹಿಡಿಯುತ್ತವೆ.

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಕೂಡ ಒಂದು ಕಾಲಕ್ಕೆ ಹೀಗೆಯೇ ಹಾಳುಬಿದ್ದಿತ್ತು. 1980ರಲ್ಲಿ ನಾಗರಿಕರ ಸಂಸ್ಥೆಯೊಂದು ಅದರ ಆರೈಕೆಗೆ ಮುಂದೆ ಬಂತು. ಅವರು ದೇಣಿಗೆ ಎತ್ತಿದ್ದನ್ನು ಎಲ್ಲರೂ ಹೇಳುತ್ತಾರೆ. ನನ್ನ ಮನಸ್ಸಿನಲ್ಲಿ ನಿಂತದ್ದು ಬೇರೆ ವಿಷಯ: ಉದ್ಯಾನವನ್ನು 49 ವಲಯಗಳಾಗಿ ಹಂಚಿ, ಒಂದೊಂದು ವಲಯಕ್ಕೆ ಒಬ್ಬೊಬ್ಬ ತೋಟಗಾರನನ್ನು ಹೊಣೆ ಮಾಡಿದರು. ಎಲ್ಲಿ ಹುಲ್ಲು ಒಣಗಿದರೆ ಯಾರನ್ನು ಕೇಳಬೇಕು ಎಂದು ಗೊತ್ತಾಯಿತು. ಅವರ ಹಣ ನಮ್ಮಲ್ಲಿಲ್ಲ, ಆದರೆ ಹೊಣೆ ಹಂಚುವ ಈ ಕ್ರಮಕ್ಕೆ ಹಣ ಬೇಕಾಗಿಲ್ಲ.

ಗಿಡಗಳ ಆಯ್ಕೆಯಲ್ಲಿಯೂ ಹಣ ಉಳಿಯುತ್ತದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಆದರೂ ಮುರಕಲ್ಲಿನ ನೆಲದಲ್ಲಿ ಏಪ್ರಿಲ್ ಬಂತೆಂದರೆ ನೀರಿಗೆ ಪರದಾಟ. ಹಿರಿಯರು ಗುಡ್ಡ ಕೊರೆದು ಸುರಂಗ ತೋಡಿ ನೀರು ತಂದ ಊರು ಇದು. ಇಂಥಲ್ಲಿ ಪೇಟೆಯಿಂದ ಹುಲ್ಲುಹಾಸು ತಂದು ಹಾಸುವುದು ನನಗಂತೂ ಒಪ್ಪಿಗೆಯಿಲ್ಲ. ಮಳೆಗಾಲದಲ್ಲಿ ಅದು ಕಾಡಾಗುತ್ತದೆ, ಬೇಸಗೆಯಲ್ಲಿ ಸಾಯುತ್ತದೆ. ರೆಂಜೆ, ನೇರಳೆ, ಸುರಗಿ, ಪುನರ್ಪುಳಿ ನೆಡೋಣ. ಮೊದಲ ಮೂರು ಬೇಸಗೆ ನೀರೆರೆದು ಬೇರೂರಿಸಿದರೆ ಮತ್ತೆ ಅವು ಹೆಚ್ಚು ಬೇಡುವುದಿಲ್ಲ. ರೆಂಜೆಯ ಹೂ ಹೆಕ್ಕಲು ಮಕ್ಕಳೂ ಬಂದಾರು.

ಆದಾಯಕ್ಕೆ ಪ್ರವೇಶ ಶುಲ್ಕ ಬೇಡ. ಹತ್ತು ರೂಪಾಯಿ ಕೊಡಲಾರದ ಮಗುವಿಗೇ ಉದ್ಯಾನ ಹೆಚ್ಚು ಬೇಕಾಗಿರುವುದು. ಗೇಟಿನ ಪಕ್ಕ ಚಹಾ, ತಿಂಡಿಯ ಗೂಡೊಂದನ್ನು ಕೇರಳದ ಮಹಿಳಾ ಸ್ವಸಹಾಯ ಸಂಘಗಳ ಕೂಟವಾದ ಕುಟುಂಬಶ್ರೀಯ ಮಹಿಳೆಯರಿಗೆ ಬಾಡಿಗೆಗೆ ಕೊಡಬಹುದು. ಅವರು ಅಲ್ಲಿದ್ದರೆ ಸಂಜೆ ಹೆಂಗಸರು, ಮಕ್ಕಳು ಧೈರ್ಯವಾಗಿ ಬಂದು ಕೂರುತ್ತಾರೆ. ಆ ಬಾಡಿಗೆ ನಗರಸಭೆಯ ದೊಡ್ಡ ಹುಂಡಿಯಲ್ಲಿ ಕರಗದೆ ಉದ್ಯಾನದ ಪ್ರತ್ಯೇಕ ಲೆಕ್ಕಕ್ಕೆ ಬರುವಂತೆ ನಿರ್ಣಯವಾಗಬೇಕು. ಮಳೆಗಾಲದ ಪೊದೆ ಸವರುವುದಕ್ಕೆ ಅಯ್ಯಂಕಾಳಿ ನಗರ ಉದ್ಯೋಗ ಖಾತರಿ ಯೋಜನೆಯಿದೆ. ಕುಟುಂಬಕ್ಕೆ ವರ್ಷಕ್ಕೆ ನೂರು ದಿನಗಳ ಕೆಲಸ ಕೊಡುವ ಆ ಯೋಜನೆಯ ಒಂದಿಷ್ಟು ದಿನಗಳನ್ನು ಉದ್ಯಾನಕ್ಕೆ ಕೇಳಿ ಪಡೆಯಬಹುದು.

ಕೇಳುವ ಜಾಗ ವಾರ್ಡು ಸಭೆ. ನಾನು ಅರ್ಜಿ ಬರೆದಿಟ್ಟಿದ್ದೇನೆ, ಕನ್ನಡದಲ್ಲಿಯೇ. ಅಂಗಡಿಯವರು ಅದನ್ನೇ ಮಲಯಾಳದಲ್ಲಿಯೂ ಬರೆದುಕೊಟ್ಟು, ಕೆಳಗೆ ಮೊದಲ ಸಹಿ ತಾವೇ ಹಾಕಿದ್ದಾರೆ. ಅರ್ಜಿಯಲ್ಲಿ ಹೊಸ ಕಟ್ಟಡ ಕೇಳಿಲ್ಲ. ಒಬ್ಬ ಮಾಲಿಯ ವರ್ಷದ ಕೂಲಿ, ಉದ್ಯಾನಕ್ಕೊಂದು ಪ್ರತ್ಯೇಕ ಲೆಕ್ಕ, ಗೇಟಿನ ಮೇಲೆ ಕೀಲಿಕೈ ಇರುವವರ ಹೆಸರು, ತೆರೆಯುವ ಹೊತ್ತು, ಇಷ್ಟನ್ನೇ ಕೇಳಿದ್ದೇವೆ.

ನಮಸ್ಕಾರ.