ಹಳೇ ಕಂಪ್ಯೂಟರಿಗೆ ಹೊಸ ಬೂಟ್‌ಲೋಡರ್

ಕೇಳುಗರಿಗೆ ನಮಸ್ಕಾರ.

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಹಳೇ ಯಂತ್ರ ಒಪ್ಪುವುದಿಲ್ಲ. ಎಸ್.ಪಿ. ರಸ್ತೆಗೆ ಒಯ್ದು ಬಂದ ಬೆಲೆಗೆ ಕೊಟ್ಟುಬಿಡೋಣ ಅನ್ನಿಸುತ್ತದೆ, ಅಲ್ವಾ? ಸ್ವಲ್ಪ ತಾಳಿ. ಯಂತ್ರ ಗಟ್ಟಿಯಾಗಿದ್ದರೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಬಹುದು. ಆದರೆ ಲಿನಕ್ಸ್ ಹಾಕುವಾಗ ಕೊನೆಗೆ ಒಂದು ಚಿಕ್ಕ ಕೆಲಸ ಬರುತ್ತದೆ. ಹಳೇ ಕಂಪ್ಯೂಟರುಗಳು ಎಡವುವುದು ಅಲ್ಲೇ. ಅದು ಬೂಟ್‌ಲೋಡರ್, ಅಂದರೆ ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮು.

ಪವರ್ ಬಟನ್ ಒತ್ತಿದಾಗ ಹಳೇ ಕಾಲದ ಬಯಾಸ್, ಅಂದರೆ ಮದರ್‌ಬೋರ್ಡಿನಲ್ಲೇ ಇರುವ ಆರಂಭದ ತಂತ್ರಾಂಶ, ಹಾರ್ಡ್ ಡಿಸ್ಕಿನ ಮೊದಲ 512 ಬೈಟ್ ಮಾತ್ರ ಓದುತ್ತದೆ. ಅದರಲ್ಲೂ ಪ್ರೋಗ್ರಾಮಿಗೆ ಸಿಗುವುದು 446 ಬೈಟ್. ಕನ್ನಡದಲ್ಲಿ ಮೂರು ನಾಲ್ಕು ಸಾಲು ಟೈಪ್ ಮಾಡಿದರೆ ಅಷ್ಟು ಜಾಗ ಮುಗಿದೇಹೋಗುತ್ತದೆ. ಇಷ್ಟರಲ್ಲಿ ಇಡೀ ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸುವ ದಾರಿ ಹುಡುಕಬೇಕು.

1990ರ ದಶಕದಲ್ಲಿ ಲಿನಕ್ಸ್ ಹಾಕಿದವರಿಗೆ ಲಿಲೋ ಅನ್ನುವ ಬೂಟ್‌ಲೋಡರ್ ನೆನಪಿರುತ್ತದೆ. ಒಂದೊಂದು ಹಂತ ದಾಟಿದಾಗಲೂ ಪರದೆಯ ಮೇಲೆ ಒಂದೊಂದು ಅಕ್ಷರ ಮೂಡುತ್ತಿತ್ತು: ಎಲ್, ಐ, ಎಲ್, ಓ. ನಾಲ್ಕೂ ಬಂದರೆ ಗೆದ್ದೆವು. 'ಎಲ್ ಐ' ಅಂತ ಬಂದು ನಿಂತುಬಿಟ್ಟರೆ ಎರಡನೇ ಹಂತ ಓಡಲಿಲ್ಲ ಅಂತ ಅರ್ಥ. ತಾನು ಎಲ್ಲಿ ಸೋತೆ ಅಂತ ಇಷ್ಟು ನೇರವಾಗಿ ಹೇಳುವ ತಂತ್ರಾಂಶ ಇವತ್ತಿಗೂ ಕಡಿಮೆಯೇ.

ಆದರೆ ಲಿಲೋಗೆ ಫೈಲು, ಫೋಲ್ಡರು ಏನೂ ತಿಳಿಯದು. ಲಿನಕ್ಸಿನ ತಿರುಳಾದ ಕರ್ನಲ್ ಡಿಸ್ಕಿನ ಯಾವ ಬ್ಲಾಕುಗಳಲ್ಲಿದೆ ಅಂತ ಮೊದಲೇ ಗುರುತು ಹಾಕಿಕೊಂಡಿರುತ್ತದೆ. ಬಾಡಿಗೆಯವರು ಮನೆ ಖಾಲಿ ಮಾಡಿದ ಮೇಲೂ ಅದೇ ಬಾಗಿಲು ತಟ್ಟುವ ಪೋಸ್ಟ್‌ಮ್ಯಾನ್ ಇದ್ದಹಾಗೆ. ಕರ್ನಲ್ ಬದಲಾದಾಗಲೆಲ್ಲ ಲಿಲೋ ಮತ್ತೆ ಓಡಿಸಬೇಕು. ಮರೆತರೆ ಯಂತ್ರ ಏಳುವುದಿಲ್ಲ. 2015ರ ಕೊನೆಗೆ ಅದರ ಅಭಿವೃದ್ಧಿಯೂ ನಿಂತಿತು.

ಹಾಗಾದರೆ ಲಿನಕ್ಸ್ ಹಾಕಿಕೊಡುವ ಇನ್‌ಸ್ಟಾಲರಿನಿಂದ ಲಿಲೋ ತೆಗೆದು, ಗ್ರಬ್ 2 ಅನ್ನುವ ಇನ್ನೊಂದು ಬೂಟ್‌ಲೋಡರ್ ಹಾಕಿದರೆ ಆಯ್ತಲ್ಲ? ಹೊಸ ಡಿಸ್ಕಿನಲ್ಲಿ ಆಯ್ತು. ಹಳೇದರಲ್ಲಿ ನೋಡಿ ಮಾಡಬೇಕು.

ಗ್ರಬ್ ಫೈಲನ್ನು ಹೆಸರಿನಿಂದಲೇ ಹುಡುಕಬಲ್ಲದು. ಅಷ್ಟು ಬುದ್ಧಿ 446 ಬೈಟಿನಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಡಿಸ್ಕಿನ ಮೊದಲ ಪಾರ್ಟಿಷನ್‌ಗೆ, ಅಂದರೆ ಮೊದಲ ವಿಭಾಗಕ್ಕೆ, ಮುಂಚೆ ಇರುವ ಖಾಲಿ ಜಾಗದಲ್ಲಿ ತನ್ನ ಮುಖ್ಯ ಭಾಗವನ್ನು ಇಡುತ್ತದೆ. ಈಗಿನ ಡಿಸ್ಕುಗಳಲ್ಲಿ ಅಲ್ಲಿ ಸುಮಾರು 1 ಎಂಬಿ ಬಿಟ್ಟಿರುತ್ತಾರೆ. ಹಳೇ ಡಿಸ್ಕಿನಲ್ಲಿ ಪಾರ್ಟಿಷನ್ 63ನೇ ಸೆಕ್ಟರಿನಿಂದಲೇ ಶುರು; ಒಂದು ಸೆಕ್ಟರ್ ಅಂದರೆ 512 ಬೈಟ್. ಉಳಿಯುವುದು ಬರೀ 31 ಕೆಬಿ. ಸಾಮಾನ್ಯ ವಿನ್ಯಾಸವಾದರೆ ಹೇಗೋ ಹಿಡಿಸುತ್ತದೆ. ಹಲವು ಡಿಸ್ಕು, ಪಾರ್ಟಿಷನ್‌ಗಳನ್ನು ಒಟ್ಟುಗೂಡಿಸುವ ರೇಯ್ಡ್, ಎಲ್‌ವಿಎಂ ಅಂತ ಸೇರಿಸಿದರೆ ಹಿಡಿಸದೆ ಹೋಗಬಹುದು. ಆಗ ಬಲವಂತ ಮಾಡಿದರೆ ಗ್ರಬ್ ಕೂಡ ಬ್ಲಾಕ್ ನಂಬರುಗಳನ್ನೇ ಬರೆದಿಟ್ಟುಕೊಳ್ಳುತ್ತದೆ. ಯಾವುದು ಬೇಡ ಅಂತ ಲಿಲೋ ಬಿಟ್ಟೆವೋ ಅದನ್ನೇ ಮತ್ತೆ ಒಳಗೆ ಕರೆದಹಾಗಾಯಿತು. ಜಾಗ ಅಳೆಯದೆ ಬರೆಯುವ ಇನ್‌ಸ್ಟಾಲರಿಗಿಂತ 'ಜಾಗ ಸಾಲದು' ಅಂತ ಹೇಳಿ ನಿಲ್ಲುವ ಇನ್‌ಸ್ಟಾಲರೇ ವಾಸಿ.

ಇನ್ನೊಂದು ತೊಡಕು ತಿಂಗಳುಗಟ್ಟಲೆ ಕಾಣಿಸುವುದೇ ಇಲ್ಲ. ಕೆಲವು ಹಳೇ ಬಯಾಸ್‌ಗಳು ಡಿಸ್ಕಿನ ಮೊದಲ 137 ಜಿಬಿಯಿಂದಾಚೆ ಓದಲಾರವು. ಲಿನಕ್ಸ್ ಎದ್ದ ಮೇಲೆ ತನ್ನದೇ ಡ್ರೈವರಿನಿಂದ ಪೂರ್ತಿ ಡಿಸ್ಕ್ ಓದುತ್ತದೆ. ಗ್ರಬ್ ಮಾತ್ರ ಸಾಮಾನ್ಯವಾಗಿ ಬಯಾಸನ್ನೇ ನಂಬಿರುತ್ತದೆ. ಹಳೇ ಪಿಸಿಗೆ ಸೆಕೆಂಡ್ ಹ್ಯಾಂಡ್ 500 ಜಿಬಿ ಡಿಸ್ಕ್ ಹಾಕಿದ್ದೀರಿ ಅನ್ನಿ. ಮೊದಲ ದಿನ ಎಲ್ಲ ಸರಿ. ಮುಂದೊಂದು ದಿನ ಅಪ್‌ಡೇಟಿನಲ್ಲಿ ಬಂದ ಹೊಸ ಕರ್ನಲ್ ಆ ಗೆರೆಯಾಚೆ ಹೋಗಿ ಕೂರುತ್ತದೆ. ಮರುದಿನ ಕಂಪ್ಯೂಟರ್ ಏಳುವುದಿಲ್ಲ. ನಾವು ಅಪ್‌ಡೇಟನ್ನು ಬಯ್ಯುತ್ತೇವೆ! ಡಿಸ್ಕಿನ ಆರಂಭದಲ್ಲೇ 1 ಜಿಬಿಯ ಬೇರೆ ಬೂಟ್ ಪಾರ್ಟಿಷನ್ ಮಾಡಿದರೆ ಈ ತಾಪತ್ರಯ ಇಲ್ಲ. ಇದನ್ನು ಬಳಸುವವರ ತಲೆಗೆ ಕಟ್ಟಬಾರದು, ಇನ್‌ಸ್ಟಾಲರೇ ಮಾಡಬೇಕು. ವರ್ಚುವಲ್ ಮೆಷಿನ್‌ನಲ್ಲಿ, ಅಂದರೆ ತಂತ್ರಾಂಶದಲ್ಲೇ ಕಟ್ಟಿದ ಕಂಪ್ಯೂಟರಿನಲ್ಲಿ, ಪರೀಕ್ಷಿಸಿದರೆ ಇಂಥದ್ದು ಗೊತ್ತಾಗುವುದಿಲ್ಲ. ಅಲ್ಲಿನ ಬಯಾಸ್ ತುಂಬಾ ಸಾಧು.

ಮನೆಯಲ್ಲಿ ಪ್ರಯತ್ನಿಸುವವರು ಮೊದಲು ಫೋಟೊ, ಕಡತಗಳನ್ನು ಬೇರೆ ಕಡೆ ಉಳಿಸಿಕೊಳ್ಳಿ. ಪ್ರೊಸೆಸರ್ 64 ಬಿಟ್‌ನದೇ ಅಂತ ನೋಡಿ. ಲಿನಕ್ಸಿನ ಒಂದು ಬಗೆಯಾದ ಡೆಬಿಯನ್‌ನ 2025ರಲ್ಲಿ ಬಂದ 13ನೇ ಆವೃತ್ತಿಯಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರೇ ಇಲ್ಲ. ಗ್ರಬ್ ಎಲ್ಲಿಗೆ ಹಾಕಲಿ ಅಂತ ಕೇಳಿದಾಗ ಒಳಗಿನ ಡಿಸ್ಕಿನ ಹೆಸರನ್ನೇ ಆರಿಸಿ. ಪೆನ್‌ಡ್ರೈವ್ ಆರಿಸಿದರೆ ಅದನ್ನು ಚುಚ್ಚಿದಾಗ ಮಾತ್ರ ಕಂಪ್ಯೂಟರ್ ಏಳುತ್ತದೆ. ನಮಸ್ಕಾರ.